ಪಖಾಲಿ ಓಣಿಯ ಐದು ಮಂಗಳವಾರ

ಮೋಜಣಿ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಕೆಲವರು ನನ್ನ ಮನೆಗೆ ಬಂದು, ‘ಹಿರಿಯರು ಏನಾದರೂ ಉಪದೇಶ ಮಾಡಬೇಕು’ ಎಂದು ಕೈಮುಗಿಯುತ್ತಾರೆ. ಉಪದೇಶ ಬೇಕಾದರೆ ನಮ್ಮ ಕಡೆ ಮಠಗಳಿಗೇನು ಬರಗಾಲವಿಲ್ಲ. ನಾನು ಇಪ್ಪತ್ತಾರು ವರ್ಷ ಭೂಮಿಯ ಮೇಲೆ ಸರಪಳಿ ಎಳೆದವನು. ನನ್ನ ಹತ್ತಿರ ಇರುವುದು ನಾವು ಮಾಡಿದ ಮೂರ್ಖತನಗಳ ಗಂಟು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಬೆನ್ನು ತಟ್ಟಿದವರೆಲ್ಲ ಆಮೇಲೆ ಆ ಬೆನ್ನಿನ ಮೇಲೆಯೇ ಏನಾದರೂ ಹೇರಿದರು.

ಊರು ಯಾವುದೆಂದು ಹೇಳುವುದಿಲ್ಲ. ಹುಬ್ಬಳ್ಳಿಯವರು ಓದಿದರೆ ಇದು ಧಾರವಾಡದ ಕಥೆಯೆಂದು ತಿಳಿಯಲಿ. ಧಾರವಾಡದವರು ‘ಹುಬ್ಬಳ್ಳಿ ಮಂದೀನ ಹಂಗ’ ಎಂದು ನಕ್ಕು, ಪೇಢೆ ತಿಂದು ಮಲಗಲಿ. ಎರಡೂ ಊರಿನವರ ಮೈಗೆ ಹಿಡಿಯುವ ಅಂಗಿ ಇದು.

ಈ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದ್ದು ಇಷ್ಟು: ನಮ್ಮ ಕಡೆ ಕಟ್ಟೆಗಳಿಗೆ ಕಾಲಿವೆ. ಮನೆಯ ಮುಂದಿನ ಕಟ್ಟೆಗೆ ಪ್ರತಿ ದೀಪಾವಳಿಗೂ ಮಣ್ಣು ಮೆತ್ತಿ ಸಾರಿಸುತ್ತಾರೆ. ಪ್ರತಿ ಸಲವೂ ಅದು ಎರಡು ಬೆರಳು ಓಣಿಗೆ ಇಳಿಯುತ್ತದೆ. ಹತ್ತು ವರ್ಷದ ಮೇಲೆ ನೀವು ಸರಪಳಿ ಹಿಡಿದು ಹೋದರೆ, ಮನೆಯ ಯಜಮಾನ ಅದೇ ಕಟ್ಟೆಯ ಮೇಲೆ ನಿಮ್ಮನ್ನು ಕೂಡ್ರಿಸಿ, ಚಹಾ ಕೊಟ್ಟು, ‘ಇದು ನಮ್ಮ ಮುತ್ತ್ಯಾನ ಕಾಲದ ಕಟ್ಟಿರಿ’ ಎನ್ನುತ್ತಾನೆ. ಕಟ್ಟೆ ಮುತ್ತ್ಯಾನ ಕಾಲದ್ದೇ. ಅದು ನಿಂತ ಜಾಗ ಮಾತ್ರ ಮೊಮ್ಮಗನ ಕಾಲದ್ದು. ಚಹಾ ಕುಡಿದ ಮೋಜಣಿದಾರ ಹೌದೆಂದು ಬರೆದುಕೊಂಡು ಬರುತ್ತಾನೆ.

ಊರ ಕೆರೆಗೆ ಒಂದು ಕಾಲಕ್ಕೆ ಮೂರು ದಾರಿಗಳಿದ್ದವಂತೆ. ಅಗಸರ ದಾರಿ ಮತ್ತು ದನದ ದಾರಿ ನಾನು ಕೆಲಸಕ್ಕೆ ಸೇರುವ ಮೊದಲೇ ಹೀಗೆ ನಡೆದು ನಡೆದು ಯಾರ್ಯಾರದೋ ಹಿತ್ತಲು ಸೇರಿದ್ದವು. ಉಳಿದದ್ದು ಒಂದೇ, ಪಖಾಲಿ ಓಣಿ. ಈಗಿನವರಿಗೆ ಪಖಾಲಿ ಗೊತ್ತಿರಲಿಕ್ಕಿಲ್ಲ. ಕೋಣದ ಬೆನ್ನಿನ ಮೇಲಿಂದ ಎರಡೂ ಬದಿಗೆ ಇಳಿಬೀಳುವ ದೊಡ್ಡ ತೊಗಲಿನ ಚೀಲ ಅದು. ಕೆರೆಯಲ್ಲಿ ಅದನ್ನು ತುಂಬಿಕೊಂಡು ಬಂದು ಮನೆಮನೆಯ ಹಂಡೆಗೆ ನೀರು ಹಾಕುವವರು ಮುಸಲ್ಮಾನರ ಕೆಲವು ಮನೆಯವರು. ನನ್ನ ಕಾಲಕ್ಕೆ ಅವರಲ್ಲಿ ಉಳಿದವನು ಇಮಾಮಸಾಬ ಒಬ್ಬನೇ. ಅವನ ಕೋಣದ ಹೆಸರು ನವಾಬ. ಅವನ ಅಜ್ಜ, ಅಪ್ಪ, ಅವನು, ಮೂರು ತಲೆಮಾರು ಉಂಡದ್ದು ಆ ಓಣಿಯಿಂದ. ನಮ್ಮ ಮನೆಯ ಹಂಡೆಯೂ ಅವನ ನೀರನ್ನೇ ಕಂಡದ್ದು.

ಆ ಓಣಿಯ ಮಗ್ಗುಲಿಗೆ ಹತ್ತಿ ವ್ಯಾಪಾರದ ಗುರುಪಾದಪ್ಪ ಸಾವ್ಕಾರರ ದೊಡ್ಡಿ ಇತ್ತು. ಹತ್ತಿಯ ಅಂಡಿಗೆಗಳನ್ನು ಒಟ್ಟಲು ಅವರಿಗೆ ಜಾಗ ಸಾಲದಾಯಿತು. ದೊಡ್ಡವರಿಗೆ ಜಾಗ ಸಾಲದಾದಾಗ ಸಾರ್ವಜನಿಕರಿಗೆ ಜಾಗ ಹೆಚ್ಚಾಗಿದೆ ಎಂಬುದು ಊರ ಮುನಸಿಪಾಲ್ಟಿ ಕಮಿಟಿಯ ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಓಣಿಯ ಅಗಲ ಎಷ್ಟಿರಬೇಕೆಂದು ಗೊತ್ತುಮಾಡಿರಿ ಎಂದು ನಮ್ಮ ಕಚೇರಿಗೆ ಕಾಗದ ಬಂತು.

ಹಳೆಯ ದಫ್ತರ ತೆಗೆದು ನೋಡಿದೆವು. ಅದರಲ್ಲಿ ಫೂಟು, ಇಂಚು ಏನೂ ಇರಲಿಲ್ಲ. ‘ತುಂಬಿದ ಪಖಾಲಿಯ ಕೋಣವು, ಕೊಡ ಹೊತ್ತು ಎದುರು ಬಂದ ಹೆಣ್ಣುಮಗಳಿಗೆ ತಾಗದಂತೆ ಹೋಗುವಷ್ಟು’ ಎಂದು ಹಿಂದಿನ ಕಾಲದ ಯಾರೋ ಕುಲಕರ್ಣಿ ಬರೆದಿಟ್ಟಿದ್ದ. ನನಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿಲ್ಲ. ಆದರೆ ನಮ್ಮ ಮೇಲಿನ ಸಾಹೇಬರು ಪುಣೆಯ ಕಡೆಯಿಂದ ಬಂದವರು, ಕಲಿತವರು. ಕೋಟಿನ ಜೇಬಿನಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಕಚೇರಿಯ ಮಂದಿ ಅವರನ್ನು ಹಿಂದಿನಿಂದ ‘ಟೇಪ್ ಸಾಹೇಬ’ ಎನ್ನುತ್ತಿದ್ದರು. ಅವರು ದಫ್ತರ ಓದಿ, ‘ಇದು ಅಳತೆಯೋ, ಗಾದೆಯೋ?’ ಎಂದು ನಕ್ಕರು. ನಾನೂ ನಕ್ಕೆ. ಸಾಹೇಬರು ನಕ್ಕಾಗ ನಗುವುದು ನಮ್ಮ ಕೆಲಸದ ಮೊದಲ ಪಾಠ.

‘ಶಾಸ್ತ್ರೀಯ ಪದ್ಧತಿಯಲ್ಲಿ ಹೋಗೋಣ. ಕೋಣವನ್ನೇ ಅಳೆಯೋಣ’ ಎಂದರು.

ಇಮಾಮಸಾಬ ನವಾಬನನ್ನು ಕಚೇರಿಯ ಅಂಗಳಕ್ಕೆ ಹೊಡೆದುಕೊಂಡು ಬಂದ. ಬೆನ್ನಿನ ಮೇಲೆ ಪಖಾಲಿ ಇತ್ತು, ಖಾಲಿಯಾಗಿ ಜೋತುಬಿದ್ದಿತ್ತು.

‘ಸ್ವಲ್ಪ ತಡೀರಿ ಸಾಹೇಬ್ರ, ಚೀಲಾ ತುಂಬಿಸ್ಕೊಂಡು ಬರ್ತೇನ್ರಿ. ಖಾಲಿ ಚೀಲಾ ಅಳದ್ರ ಏನ್ ಬಂತ್ರಿ?’ ಎಂದ.

‘ಬೇಡ. ತುಂಬಿದರೆ ಸೋರುತ್ತದೆ, ಬೂಟು ಕೆಡುತ್ತದೆ. ತುಂಬಿದರೇನು, ಖಾಲಿಯಿದ್ದರೇನು, ತೊಗಲು ಅದೇ ಅಲ್ಲವೇ?’

‘ಹೊಟ್ಟೀನೂ ಅದ ಇರ್ತೈತ್ರಿ ಸಾಹೇಬ್ರ. ಉಣ್ಣೂಕಿಂತ ಮೊದಲ ಒಮ್ಮೆ, ಉಂಡ ಮ್ಯಾಲ ಒಮ್ಮೆ ನಡಾ ಅಳದು ನೋಡ್ರಿ, ತಿಳೀತೈತಿ.’

ಅಂಗಳದಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. ಖಾಲಿ ಚೀಲ ಹೊತ್ತ ನವಾಬ ಎರಡೂವರೆ ಫೂಟು ಬಂದ. ಹೆಣ್ಣುಮಗಳನ್ನು ಅಳೆಯುವ ಧೈರ್ಯ ಯಾವ ಶಾಸ್ತ್ರಕ್ಕೂ ಇರಲಿಲ್ಲವಾಗಿ, ಸಾಹೇಬರು ಕಚೇರಿಯ ಬಾಗಿಲಿಗೆ ಒಮ್ಮೆ ಎದೆಯೊಡ್ಡಿ ನಿಂತು, ಅಂದಾಜು ಮಾಡಿ, ಒಂದೂವರೆ ಫೂಟು ಎಂದರು. ತಾಗದೇ ಇರಲಿಕ್ಕೆ ಆರು ಇಂಚು ಕೂಡಿಸಿದರು. ಒಟ್ಟು ನಾಲ್ಕೂವರೆ ಫೂಟು. ಓಣಿ ಒಂಬತ್ತು ಫೂಟು ಇತ್ತು. ಅರ್ಧ ಓಣಿ ಹೆಚ್ಚುವರಿ ಎಂದು ಕಾಗದ ಹೋಯಿತು. ಮುಂದಿನ ತಿಂಗಳೇ ಅಲ್ಲಿ ಸಾವ್ಕಾರರ ಗೋಡೆ ಎದ್ದಿತು.

ಗೋಡೆ ಎದ್ದ ಮೊದಲ ವಾರವೇ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ನವಾಬ ತುಂಬಿದ ಪಖಾಲಿ ಹೊತ್ತು ಕೆರೆಯಿಂದ ಬರುತ್ತಿತ್ತು. ಎದುರಿನಿಂದ ಕೊಡ ಹೊತ್ತ ಇಬ್ಬರು ಹೆಂಗಸರು ಬಂದರು. ಅವರು ಓಣಿಯ ಇನ್ನೊಂದು ಬದಿಯ ಹಳೆಯ ಗೋಡೆಗೆ ಬೆನ್ನು ಹಚ್ಚಿ ನಿಂತರು. ನವಾಬ ಅವರಿಗೆ ತಾಗಬಾರದೆಂದು ತಾನೇ ಆಚೆ ಸರಿಯಿತು. ಸರಿದ ಬದಿಯಲ್ಲಿ ಹೊಸ ಗೋಡೆಯ ಚೂಪು ಕಲ್ಲು ಹತ್ತಿ ಚೀಲ ಹರಿಯಿತು. ಅಷ್ಟೂ ನೀರು ಓಣಿಯ ಪಾಲು. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ. ಅಂದು ಕಚೇರಿಯ ಅಂಗಳದಲ್ಲಿ ಕಿನ್ನರಿ ಬಾರಿಸಿದವನು ಇಮಾಮಸಾಬ, ಕೋಣಗಳು ನಾವು. ನವಾಬನಿಗೆ ದಫ್ತರದ ಅರ್ಥ ನಮಗಿಂತ ಚೆನ್ನಾಗಿ ತಿಳಿದಿತ್ತು. ಮರುದಿನ ಅರ್ಜಿ ಬಂತು. ಹರಿದ ಪಖಾಲಿಯ ಬಗ್ಗೆ ಅಲ್ಲ, ಸಾವ್ಕಾರರ ಗೋಡೆ ಹಸಿಯಾದ ಬಗ್ಗೆ.

ಇಮಾಮಸಾಬ ಚೀಲ ಹೊಲಿಸಿಕೊಂಡ. ನವಾಬನ ಕೊರಳಿಗೆ ಒಂದು ಗಂಟೆ ಕಟ್ಟಿದ. ಗಂಟೆ ಕೇಳಿದರೆ ಹೆಂಗಸರು ಓಣಿಯ ಬಾಯಲ್ಲೇ ನಿಂತು, ಕೋಣ ದಾಟಿದ ಮೇಲೆ ಒಳಗೆ ಹೋಗುತ್ತಿದ್ದರು. ಯಾರ ಕಾಗದವೂ ಇಲ್ಲದೆ ತಾವೇ ಒಂದು ವ್ಯವಸ್ಥೆ ಮಾಡಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳುವೆ ಮಾಡಿದರು.

ಅಷ್ಟರಲ್ಲಿ ಊರಿಗೆ ನಳ ಬಂತು. ನಳ ಬಂದ ದಿನ ಕಮಿಟಿಯವರು ಹಾರ ಹಾಕಿಕೊಂಡು ಒಬ್ಬೊಬ್ಬರಾಗಿ ತೋಟಿ ತಿರುವಿ ನೀರು ಮುಟ್ಟಿದರು, ಗಂಗೆಯನ್ನು ತಾವೇ ಇಳಿಸಿದವರ ಹಾಗೆ. ಸಾವ್ಕಾರರು ಉಳಿದ ಅರ್ಧ ಓಣಿಯೂ ತಮಗೆ ಬೇಕೆಂದು ಅರ್ಜಿ ಹಾಕಿದರು. ‘ನಳ ಬಂದ ಮೇಲೆ ಕೆರೆ ಯಾಕೆ? ಕೆರೆ ಬೇಡವಾದ ಮೇಲೆ ದಾರಿ ಯಾಕೆ?’ ಎಂದು ಕಮಿಟಿಯಲ್ಲಿ ಭಾಷಣಗಳಾದವು. ಕೇಳಲಿಕ್ಕೆ ಛಲೋ ಇದ್ದವು. ಮನೆಗೆ ಛತ್ರಿ ತಂದವರು ಮಾಡು ಕಿತ್ತು ಮಾರುವ ಮಾತು ಅದು. ನಳದಲ್ಲಿ ದನದ ಮೈ ತೊಳೆಯುವುದು ಹೇಗೆ, ಊರ ಬಟ್ಟೆ ಒಗೆಯುವುದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ದಾರಿಯನ್ನು ಈಗ ಎಷ್ಟು ಮಂದಿ ಬಳಸುತ್ತಾರೆ, ಎಣಿಸಿ ವರದಿ ಕೊಡಿರಿ ಎಂದು ನಮ್ಮ ಕಚೇರಿಗೆ ಹೇಳಿದರು.

ಎಣಿಸುವ ಕೆಲಸ ನನಗೆ ಬಂತು. ಟೇಪ್ ಸಾಹೇಬರು ನಡುವೆ ಬೇರೆ ಊರು ಸುತ್ತಿ, ಇನ್ನೂ ಮೇಲಿನ ಹುದ್ದೆಗೆ ಏರಿ ಮತ್ತೆ ನಮ್ಮಲ್ಲಿಗೇ ಬಂದಿದ್ದರು. ಪದ್ಧತಿಯನ್ನು ಅವರೇ ಹೇಳಿಕೊಟ್ಟರು: ‘ಇವತ್ತೊಂದು ವಾರ, ನಾಳೆ ಇನ್ನೊಂದು ವಾರ ಎಣಿಸಿದರೆ ಸಂತೆ, ಹಬ್ಬ ಎಲ್ಲ ಬೆರೆತು ಲೆಕ್ಕ ಕೆಡುತ್ತದೆ. ಒಂದೇ ವಾರ ಹಿಡಿ. ಐದು ಮಂಗಳವಾರ, ಬೆಳಗಿನಿಂದ ಸಂಜೆವರೆಗೆ ಕೂಡು.’

ಆಗ ಆಷಾಢ ಹಿಡಿದಿತ್ತು.

ನಮ್ಮ ಕಡೆಯವರಾದರೆ ಇಷ್ಟಕ್ಕೇ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಉಳಿದವರಿಗಾಗಿ ಹೇಳುತ್ತೇನೆ. ಊರಿಗೆ ರೋಗರುಜಿನ ಬರದಿರಲೆಂದು, ಮಳೆ ಹಿಡಿಯಲೆಂದು ಊರ ದ್ಯಾಮವ್ವನ ಹೆಸರಿನಲ್ಲಿ ‘ವಾರ ಹಿಡಿಯುವುದು’ ನಮ್ಮ ಪದ್ಧತಿ. ನಮ್ಮ ಪೇಟೆಯಲ್ಲಿ ಅದು ಐದು ಮಂಗಳವಾರ. ಆ ದಿನ ಎತ್ತು ಹೂಡುವಂತಿಲ್ಲ, ಬೀಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಹೆಂಚಿಟ್ಟು ರೊಟ್ಟಿ ಬಡಿಯುವಂತಿಲ್ಲ. ಕೆರೆಯನ್ನೂ ಆ ದಿನ ಯಾರೂ ಕಲಕುವುದಿಲ್ಲ. ಸೋಮವಾರವೇ ಹಂಡೆ ತುಂಬಿಸಿ, ರೊಟ್ಟಿ ಮಾಡಿ ಇಟ್ಟುಕೊಳ್ಳುತ್ತಾರೆ. ಊರ ವಾರವೆಂದರೆ ಊರಿನದು. ಇಮಾಮಸಾಬ ಕೂಡ ಆ ಐದು ದಿನ ನವಾಬನ ಮೇಲೆ ಪಖಾಲಿ ಹೇರುತ್ತಿರಲಿಲ್ಲ.

ನನಗೆ ಇದು ಗೊತ್ತಿರಲಿಲ್ಲವೇ? ನಾನು ಅದೇ ಪೇಟೆಯಲ್ಲಿ ಹುಟ್ಟಿದವನು. ಸಾಹೇಬರ ಮುಂದೆ ಹೇಳಲು ನಾಚಿಕೆಯಾಯಿತು. ದ್ಯಾಮವ್ವ, ವಾರ ಎಂದರೆ ಟೇಪು ಹಿಡಿದ ಮನುಷ್ಯ ‘ಇದು ಲೆಕ್ಕವೋ, ಗಾದೆಯೋ’ ಎಂದು ನಗುತ್ತಾನೆ, ನನ್ನನ್ನೂ ಹಳ್ಳಿಗಮಾರರ ಸಾಲಿಗೆ ಸೇರಿಸುತ್ತಾನೆ ಎಂದು ಅಂಜಿದೆ. ಅಂಜಿಕೆಗೆ ಶಿಸ್ತು ಎಂದು ಹೆಸರಿಟ್ಟುಕೊಂಡು ಹೋಗಿ ಕುಳಿತೆ.

ಮೊದಲ ಮಂಗಳವಾರ ಹೊರಡುವಾಗ ನನ್ನ ಅವ್ವ ಬುತ್ತಿ ಕಟ್ಟಿಕೊಟ್ಟಳು.

‘ತಮ್ಮಾ, ತಂಗಳ ರೊಟ್ಟಿ ಅದಾವು, ಶೇಂಗಾ ಹಿಂಡಿ ಹಾಕೇನಿ. ಇವತ್ತ ಹೆಂಚ ಇಡಾಂಗಿಲ್ಲಲ್ಲ. ಇಂಥಾ ದಿನ ಕೆರಿ ದಾರ್‍ಯಾಗ ಏನ್ ಎಣಸ್ತೀಪಾ ನೀ?’

‘ಸರ್ಕಾರಿ ಕೆಲಸ, ನಿನಗ ತಿಳ್ಯಾಂಗಿಲ್ಲ ಬಿಡಬೇ’ ಎಂದು ಹೊರಬಿದ್ದೆ. ತಿಳಿದವಳಿಗೆ ತಿಳಿಯುವುದಿಲ್ಲ ಎನ್ನುವುದಕ್ಕೆ ನಮಗೆ ಪಗಾರ ಕೊಡುತ್ತಿದ್ದರು.

ಐದು ಮಂಗಳವಾರ ಓಣಿಯ ಬಾಯಲ್ಲಿ ಛತ್ರಿ ಬಿಚ್ಚಿ ಕುಳಿತೆ. ಐದು ಸಲ ತಂಗಳ ರೊಟ್ಟಿ ತಿಂದೆ. ರಜಿಸ್ಟರಿನಲ್ಲಿ ಗೆರೆ ಹೊಡೆದು, ದುಂಡಗಿನ ಅಕ್ಷರದಲ್ಲಿ ಬರೆದೆ: ಹೆಂಗಸರು, ಇಲ್ಲ. ದನ, ಇಲ್ಲ. ಪಖಾಲಿ, ಇಲ್ಲ. ಮೂರನೇ ವಾರ ಸ್ಟೇಶನ್ನಿನ ದಾರಿ ಕೇಳುತ್ತ ಪರಊರಿನ ಇಬ್ಬರು ತಪ್ಪಿ ಬಂದರು, ಅವರನ್ನು ಬರೆದೆ. ನಾಲ್ಕನೆಯ ವಾರ ಒಂದು ನಾಯಿ ಬಂತು. ಅದನ್ನು ಬರೆಯಬೇಕೋ ಬಿಡಬೇಕೋ ಎಂದು ಬಹಳ ಹೊತ್ತು ವಿಚಾರ ಮಾಡಿ, ಬರೆದೆ. ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಬರೆದವನು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಕಮಿಟಿಯ ಸಭೆಯಲ್ಲಿ ಸಾಹೇಬರು ವರದಿ ಓದಿದರು. ಅಧ್ಯಕ್ಷರು ಹೊಸ ಬಡಾವಣೆಯ ವಕೀಲರು. ಆಕ್ಷೇಪವಿದ್ದವರು ಹೇಳಬಹುದು ಎಂದಾಗ, ಬಾಗಿಲ ಹತ್ತಿರ ನಿಂತಿದ್ದ ಇಮಾಮಸಾಬ ಮುಂದೆ ಬಂದ. ತಲೆಯ ರುಮಾಲು ಸರಿಮಾಡಿಕೊಂಡು ಹೇಳಿದ:

‘ಸಾಹೇಬ್ರ, ಅವು ಐದೂ ಊರ ವಾರ ಇದ್ದೂರಿ. ಆ ದಿನ ನಾನೂ ಕೋಣ ಹೊಡಿಯಾಂಗಿಲ್ಲ, ಹೆಣಮಕ್ಕಳೂ ನೀರಿಗೆ ಹೋಗಾಂಗಿಲ್ಲ. ಬುಧವಾರ ಬಂದು ನೋಡ್ರಿ, ಓಣ್ಯಾಗ ಕಾಲಿಡಾಕ ಜಾಗಾ ಇರಾಂಗಿಲ್ಲ. ಈ ದಾರಿ ಹೋದ್ರ ನಾ ಏನ್ ತಿನ್ನಬೇಕ್ರಿ?’

ಅಧ್ಯಕ್ಷರು ಸಾಹೇಬರ ಕಡೆ ನೋಡಿದರು. ಸಾಹೇಬರು ನನ್ನ ಕಡೆ ಬೆರಳು ಮಾಡಿ, ‘ಎಣಿಸಿದ ಮೋಜಣಿದಾರ ಇದೇ ಪೇಟೆಯವನು. ಅಂಥದ್ದೇನಾದರೂ ಇದ್ದರೆ ಅವನೇ ಹೇಳುತ್ತಿದ್ದ’ ಎಂದರು.

ಇಮಾಮಸಾಬ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆಂದು ನಂಬಿದವನ ಮುಖ ಅದು.

‘ಅಣ್ಣಾರ, ಒಂದ ಮಾತ ಹೇಳ್ರಿ. ಆ ಮಂಗಳವಾರ ನಿಮ್ಮ ಬುತ್ತ್ಯಾಗ ಬಿಸಿ ರೊಟ್ಟಿ ಇತ್ತೋ, ತಂಗಳ ರೊಟ್ಟಿ ಇತ್ತೋ?’

ಸಭೆಯಲ್ಲಿದ್ದ ಮೆಂಬರರಲ್ಲಿ ಅರ್ಧಕ್ಕರ್ಧ ಮಂದಿ ಅದೇ ಐದು ದಿನ ತಮ್ಮ ಮನೆಯಲ್ಲಿ ತಂಗಳ ರೊಟ್ಟಿ ತಿಂದವರು. ಅವರೆಲ್ಲ ಒಮ್ಮೆಲೇ ತಮ್ಮ ಮುಂದಿನ ಕಾಗದ ಓದತೊಡಗಿದರು. ಸಾವ್ಕಾರರು ಮೊದಲ ಸಾಲಿನಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದು ನಿಂತು, ಅಚ್ಚುಕಟ್ಟಾದ ಕಚೇರಿಯ ಕನ್ನಡದಲ್ಲಿ ಹೇಳಿದೆ: ‘ಈ ಪ್ರಶ್ನೆ ವಿಷಯಕ್ಕೆ ಸಂಬಂಧಪಟ್ಟಿಲ್ಲ.’

ಸಭೆಯ ನಡಾವಳಿ ಬರೆಯುವವ ಅದನ್ನು ಬರೆದುಕೊಂಡ. ದಾರಿಯ ಮೇಲಿನ ಸಾರ್ವಜನಿಕರ ಹಕ್ಕು ಬಿಟ್ಟುಕೊಡಲಾಗಿದೆ ಎಂದು ಠರಾವಾಯಿತು. ಇಮಾಮಸಾಬ ನನ್ನನ್ನು ಇನ್ನೊಮ್ಮೆ ನೋಡದೆ ಹೊರಗೆ ಹೋದ.

ಕೆರೆಗೆ ಹೋಗಲು ಆಮೇಲೆ ಊರ ಹೊರಗಿನಿಂದ ಸುತ್ತು ಬಳಸಿ ಒಂದೂವರೆ ಮೈಲು ನಡೆಯಬೇಕಾಯಿತು. ತುಂಬಿದ ಪಖಾಲಿ ಹೊತ್ತು ಅಷ್ಟು ದೂರ ದಿನಕ್ಕೆ ಎಂಟು ಸಲ ತಿರುಗುವುದು ಯಾವ ಕೋಣದಿಂದಲೂ ಆಗದು. ಇಮಾಮಸಾಬ ಎರಡು ಸಲಕ್ಕೆ ಇಳಿದ, ಆಮೇಲೆ ಒಂದು ಸಲಕ್ಕೆ. ವರ್ಷ ತುಂಬುವುದರೊಳಗೆ ನವಾಬನನ್ನು ಸುಳ್ಳ ಎಂಬ ಹಳ್ಳಿಯ ರೈತರೊಬ್ಬರಿಗೆ ಕೊಟ್ಟುಬಿಟ್ಟ. ಇಮಾಮಸಾಬ ಹತ್ತಿಯ ಪ್ರೆಸ್ಸಿನಲ್ಲಿ ಅಂಡಿಗೆ ಹೊರುವ ಕೆಲಸ ಹಿಡಿದನೆಂದು ಕೇಳಿದೆ. ಸಾವ್ಕಾರರ ಅಂಡಿಗೆಗಳೇ ಇರಬೇಕು. ಅವನು ಬರುವ ಹೊತ್ತಿಗೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ಓಣಿಗಳ ವಿಷಯದಲ್ಲಿ ನನಗೆ ಒಳ್ಳೆಯ ತಿಳಿವಳಿಕೆ ಇತ್ತಲ್ಲ.

ಯುದ್ಧದ ವರ್ಷಗಳು ಬಂದವು. ಪಂಪಿನ ಸಾಮಾನು ಸಿಗದಾಯಿತು. ನಳ ಮೊದಲು ಎರಡು ಹೊತ್ತು ಬರುತ್ತಿದ್ದುದು ಒಂದು ಹೊತ್ತಾಯಿತು, ಆಮೇಲೆ ತೋಟಿ ತಿರುವಿದರೆ ಬುಸ್ ಎಂದು ಗಾಳಿ ಮಾತ್ರ ಬರತೊಡಗಿತು. ಒಂದು ಬೇಸಿಗೆಯಲ್ಲಿ ಅದೂ ನಿಂತಿತು. ಕೊಡ ಹೊತ್ತ ಹೆಂಗಸರು ಕಮಿಟಿಯ ಬಾಗಿಲಿಗೆ ಬಂದು ಕುಳಿತಾಗ ಕಮಿಟಿಗೆ ಕೆರೆ ನೆನಪಾಯಿತು, ಕೆರೆಯ ಜೊತೆಗೆ ದಾರಿಯೂ ನೆನಪಾಯಿತು. ಅಟ್ಟ ಮೇಲೆ ಒಲೆ ಉರಿಯುವುದು ನಮ್ಮವರಿಗೆ ರೂಢಿ. ಓಣಿ ಬಿಟ್ಟುಕೊಡಿರೆಂದು ಸಾವ್ಕಾರರಿಗೆ ನೋಟೀಸು ಹೋಯಿತು. ಅವರು ಒಪ್ಪಲಿಲ್ಲ. ಮೇಲಿನ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು.

ಸಾವ್ಕಾರರ ಪರವಾಗಿ ನಿಂತವರು ಅದೇ ಹಳೆಯ ಅಧ್ಯಕ್ಷರು. ಚುನಾವಣೆಯಲ್ಲಿ ಸೋತು ಮತ್ತೆ ಕರಿ ಕೋಟು ಹಾಕಿದ್ದರು. ಅವರು ನನ್ನ ರಜಿಸ್ಟರನ್ನು ಮೇಜಿನ ಮೇಲಿಟ್ಟರು. ಅಧಿಕಾರಿಗಳು ಹಾಳೆ ತಿರುವಿದರು.

‘ಅಕ್ಷರ ನಿಮ್ಮದೇ?’

‘ಹೌದ್ರಿ.’

‘ಐದು ದಿನದಲ್ಲಿ ದಾರಿ ತಪ್ಪಿದ ಇಬ್ಬರನ್ನು ಬಿಟ್ಟರೆ ಒಬ್ಬರೂ ಬಂದಿಲ್ಲ. ಒಂದು ನಾಯಿ ಬಂದಿದೆ.’

‘ಸಾಹೇಬ್ರ, ಅವು ಐದೂ ಊರ ವಾರದ ದಿನ ಇದ್ದೂರಿ’ ಎಂದೆ. ಅವ್ವ ಕಟ್ಟಿಕೊಟ್ಟ ತಂಗಳ ರೊಟ್ಟಿಯ ಮಾತನ್ನೂ ಹೇಳಿದೆ, ಸಾಹೇಬರಿಗೆ ಅಂಜಿ ಸುಮ್ಮನಿದ್ದುದನ್ನೂ ಹೇಳಿದೆ. ಆಗ ಟೇಪ್ ಸಾಹೇಬರು ಪೆನ್ಶನ್ ಪಡೆದು ಪುಣೆ ಸೇರಿದ್ದರು, ಹೇಳಲಿಕ್ಕೆ ಧೈರ್ಯ ಬಂದದ್ದು ಅದಕ್ಕೇ ಇರಬಹುದು.

ವಕೀಲರು ಮುಗುಳ್ನಕ್ಕು ಹಳೆಯ ಸಭೆಯ ನಡಾವಳಿ ಪುಸ್ತಕ ತೆರೆದರು. ‘ಇದೇ ರೊಟ್ಟಿಯ ಪ್ರಶ್ನೆ ಆಗಲೇ ಬಂದಿತ್ತು ಸ್ವಾಮಿ. ಇದೇ ಮೋಜಣಿದಾರರು ಕೊಟ್ಟ ಉತ್ತರ ಇಲ್ಲಿದೆ’ ಎಂದು ಓದಿದರು: ‘ಈ ಪ್ರಶ್ನೆ ವಿಷಯಕ್ಕೆ ಸಂಬಂಧಪಟ್ಟಿಲ್ಲ.’

ಅಧಿಕಾರಿಗಳು ರಜಿಸ್ಟರು ಮುಚ್ಚಿದರು. ದಾರಿ ಹೋಯಿತು. ನಳ ಕೆಟ್ಟರೆ ರಿಪೇರಿ ಮಾಡಿಸಬಹುದು. ಆ ನಳವನ್ನು ಮುಂದೆ ಮಾಡಿಸಿಯೂ ಮಾಡಿಸಿದರು. ಊರು ಒಮ್ಮೆ ಕೈಬಿಟ್ಟ ದಾರಿಯನ್ನು ರಿಪೇರಿ ಮಾಡುವ ಮಿಸ್ತ್ರಿ ಎಲ್ಲಿಯೂ ಇಲ್ಲ. ನಿಮಗೂ ಒಂದು ದಿನ ಯಾರೋ ರಜಿಸ್ಟರು ಕೊಟ್ಟು, ‘ಇದನ್ನು ಯಾರೂ ಬಳಸುವುದಿಲ್ಲ, ಎಣಿಸಿ ನೋಡು’ ಎನ್ನುತ್ತಾರೆ. ಎಣಿಸುವ ಮೊದಲು ಅಲ್ಲಿ ನೀರು ಹೊರುವವರನ್ನು ಕೇಳಿರಿ, ಅದಕ್ಕೂ ಮೊದಲು ನಿಮ್ಮ ಅವ್ವನನ್ನು ಕೇಳಿರಿ.

ವಿಚಾರಣೆ ಮುಗಿಸಿ ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಇಮಾಮಸಾಬ ನಿಂತಿದ್ದ. ಒಳಗಿನ ಮಾತೆಲ್ಲ ಕಿಟಕಿಯಿಂದ ಕೇಳಿದ್ದ. ಗಡ್ಡ ಬೆಳ್ಳಗಾಗಿತ್ತು, ಅಂಡಿಗೆ ಹೊತ್ತು ಒಂದು ಭುಜ ಇಳಿದಿತ್ತು. ಕ್ಷಮಿಸೆಂದು ಕೇಳಬೇಕೆಂದು ಹತ್ತಿರ ಹೋದೆ. ಅವನ ಕಾಲಲ್ಲಿ ದಪ್ಪ ತೊಗಲಿನ ಚಪ್ಪಲಿ ಇದ್ದವು, ಅವನ್ನೇ ನೋಡಿದೆ.

‘ಗುರುತು ಸಿಗಲಿಲ್ಲೇನ್ರಿ?’ ಎಂದ. ‘ನವಾಬನ ಪಖಾಲಿ. ಕತ್ತರಿಸಿ ಚಪ್ಪಲಿ ಮಾಡಿಸೀನಿ. ಇನ್ನ ಸುತ್ತು ಬಳಸಿ ನಡೀಬೇಕಲ್ರಿ, ಕಾಲಿಗಾದ್ರೂ ಬರ್ಲಿ ಅಂತ.’

‘ಇಮಾಮಸಾಬ, ಇವತ್ತು ಎಲ್ಲಾ ಹೇಳಿದೆನಪಾ’ ಎಂದೆ.

‘ಹೇಳಿದ್ರಿ, ಕೇಳೇನಿ. ಆದ್ರ ಅಣ್ಣಾರ, ಬುತ್ತಿ ಹಳಸಿದ ಮ್ಯಾಲ ಬಿಚ್ಚಿದ್ರಿ.’

ಅವನು ಊರ ಹೊರಗಿನ ರಸ್ತೆ ಹಿಡಿದ. ನಳದಲ್ಲಿ ನೀರಿಲ್ಲದೆ ನಮ್ಮ ಅವ್ವ ಕೊಡ ಹೊತ್ತು ಅದೇ ಸುತ್ತು ದಾರಿಯಲ್ಲಿ ಕೆರೆಗೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಅವಳ ತಲೆಯ ಮೇಲಿನ ಕೊಡ ಇಸಿದುಕೊಳ್ಳಲು ನಾನೂ ಅದೇ ರಸ್ತೆಯಲ್ಲಿ ಅವನ ಹಿಂದೆ ನಡೆದೆ.